ಮಾರ್ಟ್‌ಗೆ ಹೋಗುವ ಹಿರಿಯರು, ವಿಕಲಚೇತನರು: ಟ್ರಾಲಿ, ರ‍್ಯಾಂಪ್, ಬಿಲ್ಲಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಈಗ ದೊಡ್ಡ ಮಾರ್ಟ್‌ಗಳಿಗೆ ಬರ ಇಲ್ಲ. ಎಸಿ ಇದೆ, ಆಫರ್ ಇದೆ, ಸಾಲಾಗಿ ನಿಲ್ಲಿಸಿದ ಟ್ರಾಲಿಗಳಿವೆ. ಆದರೆ ಮಂಡಿನೋವಿನ ಅಮ್ಮನನ್ನೋ ವೀಲ್‌ಚೇರ್‌ನಲ್ಲಿರುವ ತಮ್ಮನನ್ನೋ ಕರೆದುಕೊಂಡು ಹೋದವರಿಗೆ ಗೊತ್ತು, ಕಷ್ಟ ಅಂಗಡಿಯ ಒಳಗಿಗಿಂತ ಬಾಗಿಲ ಹತ್ತಿರದ ಹತ್ತಿಪ್ಪತ್ತು ಅಡಿಯಲ್ಲೇ ಜಾಸ್ತಿ. ಮೆಟ್ಟಿಲು, ಚರಂಡಿ ಮೇಲಿನ ಅಲ್ಲಾಡುವ ಬಂಡೆ, ಅಡ್ಡ ನಿಲ್ಲಿಸಿದ ಬೈಕು, ಜೊತೆಗೆ "ಟ್ರಾಲಿ ಹೊರಗೆ ಬಿಡಲ್ರೀ" ಅನ್ನುವ ವಾಚ್‌ಮನ್. ನಮ್ಮ ಅಮ್ಮ ವಾಕರ್ ಹಿಡಿದು ಓಡಾಡುವವರು, ಹಾಗಾಗಿ ಓಣಿಯವರು, ನೆಂಟರು ಇದನ್ನೆಲ್ಲ ನನ್ನನ್ನೇ ಕೇಳುತ್ತಾರೆ. ಬಳ್ಳಾರಿ ನೋಡಿ ಬರೆದ ಉತ್ತರಗಳಿವು. ರಾಯಚೂರು, ಕೊಪ್ಪಳದಲ್ಲೂ ಹೆಚ್ಚುಕಡಿಮೆ ಇದೇ ಕಥೆ.

ಟ್ರಾಲಿಯನ್ನು ನಮ್ಮ ಗಾಡಿ ತನಕ ತಳ್ಳಿಕೊಂಡು ಹೋಗೋಕೆ ಬಿಡಲ್ಲ ಅಂತಾರೆ. ಇದು ಕಾನೂನಾ?

ಅಲ್ಲ. ಅದು ಆ ಅಂಗಡಿಯವರು ಮಾಡಿಕೊಂಡ ನಿಯಮ. ಎಷ್ಟೋ ಕಡೆ ನಿಯಮವೂ ಅಲ್ಲ, ಬಾಗಿಲಲ್ಲಿ ನಿಂತವರ ರೂಢಿ ಅಷ್ಟೇ.

ಅವರ ಕಡೆಯಿಂದಲೂ ಕಾರಣ ಇದೆ ಅನ್ನಿ. ಟ್ರಾಲಿ ಅಗ್ಗದ ವಸ್ತುವಲ್ಲ, ಹೊರಗೆ ಹೋದದ್ದು ಕೆಲವೊಮ್ಮೆ ವಾಪಸ್ ಬರುವುದಿಲ್ಲ. ಇಳಿಜಾರಿನಲ್ಲಿ ಬಿಟ್ಟರೆ ಉರುಳಿ ಯಾರದೋ ಕಾರಿಗೆ ಗುದ್ದುತ್ತದೆ. ನುಣುಪು ಟೈಲ್ಸ್ ಮೇಲೆ ಓಡಲು ಮಾಡಿದ ಆ ಸಣ್ಣ ಗಾಲಿಗಳು ನಮ್ಮ ರಸ್ತೆಯ ಜಲ್ಲಿಗೆ ಸಿಕ್ಕರೆ ಒಂದೇ ವಾರದಲ್ಲಿ ಹಾಳು. ಹಾಗಾಗಿ ಅವರು ಬಾಗಿಲಲ್ಲಿ ಎರಡು ಕಬ್ಬಿಣದ ಕಂಬ ನೆಟ್ಟುಬಿಡುತ್ತಾರೆ. ಮನುಷ್ಯ ದಾಟಬಹುದು, ಟ್ರಾಲಿ ದಾಟುವುದಿಲ್ಲ. ಆದರೆ ಟ್ರಾಲಿ ದಾಟದ ಕಡೆ ವೀಲ್‌ಚೇರ್ ಕೂಡ ದಾಟುವುದಿಲ್ಲ ಅನ್ನುವುದು ಕಂಬ ನೆಟ್ಟವರ ತಲೆಗೆ ಹೊಳೆದಿರುವುದಿಲ್ಲ.

ನೀವು ಟ್ರಾಲಿಗಾಗಿ ಜಗಳ ಮಾಡಬೇಡಿ, ಆಳನ್ನು ಕೇಳಿ. "ಅಮ್ಮನಿಗೆ ಭಾರ ಎತ್ತೋಕೆ ಆಗಲ್ಲ, ಗಾಡಿ ತನಕ ಒಬ್ಬರನ್ನ ಕಳಿಸ್ರಿ" ಅಂತ ಬಿಲ್ ಮಾಡುವ ಮೊದಲೇ ಕೌಂಟರ್‌ನಲ್ಲಿ ಹೇಳಿಬಿಡಿ. ಬಿಲ್ ಆದ ಮೇಲೆ ಹೇಳಿದರೆ ಹುಡುಗರು ಮುಂದಿನ ಗಿರಾಕಿ ಕಡೆ ತಿರುಗಿರುತ್ತಾರೆ. ವಾಚ್‌ಮನ್ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ. ಪಾಪ, ಅವನಿಗೆ "ಬಿಡಬೇಡ" ಅಂತ ಮಾತ್ರ ಹೇಳಿರುತ್ತಾರೆ, "ಯಾರಿಗೆ ಬಿಡಬೇಕು" ಅಂತ ಹೇಳಿರುವುದಿಲ್ಲ. ಫ್ಲೋರ್ ಮ್ಯಾನೇಜರ್‌ನನ್ನು ಕರೆಸಿ. ನನ್ನ ಅನುಭವದಲ್ಲಿ ಮ್ಯಾನೇಜರ್ ಬಂದು ನಿಂತರೆ ಹತ್ತರಲ್ಲಿ ಎಂಟು ಸಲ ಕೆಲಸ ಆಗುತ್ತದೆ.

ವಯಸ್ಸಾದವರು ಟ್ರಾಲಿಯನ್ನೇ ಆಸರೆಗೆ ಹಿಡಿದುಕೊಂಡು ನಡೆಯಬಹುದಾ?

ತುಂಬ ಜನ ಹಾಗೇ ಮಾಡುತ್ತಾರೆ. ನೋಡೋಕೆ ವಾಕರ್ ತರಹ ಕಾಣುತ್ತದೆ, ಆದರೆ ಟ್ರಾಲಿಗೆ ಬ್ರೇಕ್ ಇಲ್ಲ. ಖಾಲಿ ಟ್ರಾಲಿ ಮೇಲೆ ಮೈಭಾರ ಹಾಕಿದರೆ ಅದು ಮುಂದೆ ಓಡುತ್ತದೆ, ನೀವು ಹಿಂದೆ ಉಳಿಯುತ್ತೀರಿ. ಕೆಲವು ಟ್ರಾಲಿಗಳು ಹ್ಯಾಂಡಲ್ ಮೇಲೆ ಜೋರಾಗಿ ಒತ್ತಿದರೆ ಮುಂಗಾಲಿ ಎತ್ತಿಕೊಂಡು ನಿಮ್ಮ ಕಡೆಗೇ ವಾಲುತ್ತವೆ. ವಾಕರ್ ಬೇಕಾದವರಿಗೆ ವಾಕರ್ರೇ ಬೇಕು. ಟ್ರಾಲಿ ತಳ್ಳಲು ಬೇರೆಯವರಿರಲಿ, ಇಲ್ಲದಿದ್ದರೆ ಅಂಗಡಿಯ ಹುಡುಗನನ್ನೇ ಜೊತೆಗೆ ಕೇಳಿ.

ಸ್ವಲ್ಪ ಆಸರೆ ಸಾಕು, ಕೈಕಾಲು ಗಟ್ಟಿ ಇದೆ ಅನ್ನುವವರು ಮೊದಲು ಏನಾದರೂ ಭಾರದ್ದು, ಐದು ಕೆಜಿ ಹಿಟ್ಟಿನ ಪ್ಯಾಕೆಟ್ಟೋ ಎಣ್ಣೆ ಡಬ್ಬಿಯೋ, ಟ್ರಾಲಿಯ ಮುಂಭಾಗದಲ್ಲಿ ಇಟ್ಟುಕೊಂಡು ಆಮೇಲೆ ಓಡಾಡಿ. ಟ್ರಾಲಿ ತೆಗೆದುಕೊಳ್ಳುವಾಗ ಬಾಗಿಲಲ್ಲೇ ನಾಲ್ಕು ಹೆಜ್ಜೆ ತಳ್ಳಿ ನೋಡಿ. ಒಂದು ಗಾಲಿ ತಿರುಗುವುದಿಲ್ಲ ಅಂದರೆ ಬಗ್ಗಿ ನೋಡಿ, ಅಚ್ಚಿನ ಸುತ್ತ ಕೂದಲು, ದಾರ, ಪ್ಲಾಸ್ಟಿಕ್ ಚೂರು ಸುತ್ತಿಕೊಂಡು ಗಂಟಾಗಿರುತ್ತದೆ. ಅಂಥ ಟ್ರಾಲಿ ಒಂದೇ ಕಡೆಗೆ ಎಳೆಯುತ್ತದೆ. ಗಟ್ಟಿ ಮಣಿಕಟ್ಟು ಇದ್ದವರಿಗೇ ಅದು ಬೇಸರ, ಸಂಧಿವಾತ ಇದ್ದವರಿಗಂತೂ ರಾತ್ರಿ ನಿದ್ದೆ ಬರುವುದಿಲ್ಲ.

ಇನ್ನೊಂದು ಮಾತು. ದೊಡ್ಡ ಟ್ರಾಲಿಯ ತಳ ಆಳ ಇರುತ್ತದೆ. ಹಾಕುವಾಗ ಏನೂ ಅನ್ನಿಸುವುದಿಲ್ಲ, ಬಿಲ್ಲಿಂಗ್ ಹತ್ತಿರ ಬಗ್ಗಿ ತೆಗೆಯುವಾಗ ಸೊಂಟ ಹಿಡಿಯುತ್ತದೆ. ಎರಡು ಬುಟ್ಟಿ ಕೂರಿಸುವ ಸಣ್ಣ ಟ್ರಾಲಿ ಇದ್ದರೆ ಅದನ್ನೇ ಕೇಳಿ.

ನಮ್ಮ ಅಪ್ಪ ಕೋಲೂ ಹಿಡಿಯಲ್ಲ, ಟ್ರಾಲಿಯನ್ನೂ ತಳ್ಳಲ್ಲ. "ನಾನೇನ್ ಮುದುಕನಾ" ಅಂತಾರೆ. ಏನು ಮಾಡೋದು?

ಈ ನಾಚಿಕೆ ಹೊಸದಲ್ಲ. ಟ್ರಾಲಿ ಹುಟ್ಟಿದ್ದೇ ಈ ನಾಚಿಕೆಯ ಜೊತೆ. ಅಮೆರಿಕದ ಓಕ್ಲಹೋಮಾ ಸಿಟಿಯಲ್ಲಿ 1937ರಲ್ಲಿ ಸಿಲ್ವನ್ ಗೋಲ್ಡ್‌ಮನ್ ಅನ್ನುವ ಅಂಗಡಿ ಮಾಲೀಕ, ಮಡಚುವ ಕುರ್ಚಿ ನೋಡಿ, ಅದಕ್ಕೆ ಗಾಲಿ ಮತ್ತು ಬುಟ್ಟಿ ಕೂರಿಸಿ ಟ್ರಾಲಿ ಮಾಡಿಸಿದ. ಜನ ಮುಟ್ಟಲೇ ಇಲ್ಲ. ಬುಟ್ಟಿ ಹೊರುವ ಶಕ್ತಿ ಇಲ್ಲ ಅಂದುಕೊಂಡಾರು ಅಂತ ಗಂಡಸರಿಗೆ ನಾಚಿಕೆ. ಮಕ್ಕಳ ಗಾಡಿ ತಳ್ಳಿ ಸಾಕಾಗಿದೆ ಅಂತ ಹೆಂಗಸರು. ಕೊನೆಗೆ ಅವನು ಬೇರೆ ಬೇರೆ ವಯಸ್ಸಿನವರನ್ನು ಸಂಬಳ ಕೊಟ್ಟು ಕರೆಸಿ, ಗಿರಾಕಿಗಳ ಹಾಗೆ ಅಂಗಡಿ ತುಂಬ ಟ್ರಾಲಿ ತಳ್ಳಿಸಿದ. ಅವರನ್ನು ನೋಡಿ ಉಳಿದವರೂ ಹಿಡಿದರು.

ನಿಮ್ಮ ಅಪ್ಪನಿಗೂ ಅದೇ ಉಪಾಯ. ಬುದ್ಧಿ ಹೇಳಬೇಡಿ. ನೀವೇ ಮೊದಲು ಟ್ರಾಲಿ ತೆಗೆದುಕೊಂಡು, ಸ್ವಲ್ಪ ದೂರ ಹೋದ ಮೇಲೆ "ಫೋನ್ ಬಂತು, ಇದನ್ನ ಹಿಡೀರಿ" ಅಂತ ಕೈಗೆ ಕೊಟ್ಟುಬಿಡಿ.

ಕೋಲು ಹಿಡಿಯಲು ಒಪ್ಪಿದರೆ ತುದಿಯ ರಬ್ಬರ್ ನೋಡಿ. ಸವೆದು ನುಣ್ಣಗಾದ ರಬ್ಬರ್, ಆಗಷ್ಟೇ ಒರೆಸಿದ ಟೈಲ್ಸ್, ಎರಡೂ ಸೇರಿದರೆ ಬೀಳುವುದು ಗ್ಯಾರಂಟಿ. ಹೊಸ ರಬ್ಬರ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯೂ ಅಲ್ಲ.

ಅಂಗಡಿಗೆ ರ‍್ಯಾಂಪ್ ಇರಲೇಬೇಕಾ? ಖಾಸಗಿ ಅಂಗಡಿಗೂ ಕಾನೂನು ಅನ್ವಯಿಸುತ್ತಾ?

ಅನ್ವಯಿಸುತ್ತದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರಲ್ಲಿ "ಸಾರ್ವಜನಿಕ ಕಟ್ಟಡ" ಅಂದರೆ ಸರ್ಕಾರಿ ಕಟ್ಟಡ ಮಾತ್ರ ಅಲ್ಲ. ಜನ ಹೋಗಿಬರುವ ಖಾಸಗಿ ಕಟ್ಟಡವೂ, ವ್ಯಾಪಾರದ ಕಟ್ಟಡವೂ ಅದರಲ್ಲಿ ಸೇರುತ್ತವೆ. ಹೊಸ ಕಟ್ಟಡದ ನಕ್ಷೆಯಲ್ಲಿ ಈ ಅನುಕೂಲ ಇಲ್ಲದಿದ್ದರೆ ಅನುಮತಿ ಕೊಡಬಾರದು, ಕಟ್ಟಿ ಮುಗಿಸಿದ ಮೇಲೆ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡಬಾರದು ಅಂತ 44ನೇ ಸೆಕ್ಷನ್ ಹೇಳುತ್ತದೆ. ಹಳೆಯ ಕಟ್ಟಡಗಳನ್ನು ಸರಿ ಮಾಡಿಕೊಳ್ಳಲು 45ನೇ ಸೆಕ್ಷನ್ ಐದು ವರ್ಷ ಕೊಟ್ಟಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ, ಅಂದರೆ ಆ ಗಡುವು 2022ಕ್ಕೇ ಮುಗಿದಿದೆ.

ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿ ತನಕ ದಂಡ. ಮತ್ತೆ ಮೀರಿದರೆ 50,000ಕ್ಕೆ ಕಡಿಮೆ ಇಲ್ಲದಂತೆ 5 ಲಕ್ಷದ ತನಕ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರ‍್ಯಾಂಪ್, ಬಾಗಿಲು ಇತ್ಯಾದಿಗಳ ಅಳತೆಗಳೆಲ್ಲ ಬರೀ ಸಲಹೆಯ ಹಾಗೆ ಇದ್ದರೆ ಸಾಲದು, ಕಡ್ಡಾಯದ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು.

ಇಷ್ಟೆಲ್ಲ ಇದ್ದೂ ನಮ್ಮೂರಲ್ಲಿ ಮೆಟ್ಟಿಲು ಯಾಕೆ ಹಾಗೇ ಇವೆ ಅಂದರೆ, ಕೇಳುವವರು ಕಡಿಮೆ. ವೀಲ್‌ಚೇರ್‌ನವರು ಅಂಗಡಿಗೆ ಬರುವುದಿಲ್ಲ, ಹಾಗಾಗಿ ರ‍್ಯಾಂಪ್ ಬೇಕಿಲ್ಲ ಅಂತ ಮಾಲೀಕರು ಹೇಳುತ್ತಾರೆ. ರ‍್ಯಾಂಪ್ ಇಲ್ಲದೆ ಅವರು ಬರುವುದಾದರೂ ಹೇಗೆ ಸ್ವಾಮಿ?

ಓಣಿಯ ಕಿರಾಣಿ ಅಂಗಡಿ ವಿಷಯ ಬೇರೆ. ಅಲ್ಲಿ ಗಿರಾಕಿ ಒಳಗೇ ಹೋಗುವುದಿಲ್ಲ, ಕಟ್ಟೆ ಹತ್ತಿರ ನಿಂತು ಕೇಳಿದರೆ ಅಣ್ಣ ಕೈಗೇ ತಂದುಕೊಡುತ್ತಾನೆ. ಅಲ್ಲಿಗೆ ಸೆಕ್ಷನ್ ಹಿಡಿದುಕೊಂಡು ಹೋಗಬೇಡಿ.

ರ‍್ಯಾಂಪ್ ಇದೆ, ಆದರೆ ಹತ್ತೋಕೇ ಆಗಲ್ಲ. ಸರಿಯಾದ ಅಳತೆ ಎಷ್ಟು?

1ಕ್ಕೆ 12. ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದ ಬೇಕು. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಸುಗಮ್ಯತೆಯ ಮಾರ್ಗಸೂಚಿಯಲ್ಲೂ ಇದೇ ಇದೆ. ಅಗಲ ಕನಿಷ್ಠ 1200 ಮಿಲಿಮೀಟರ್, ಅಂದರೆ ನಾಲ್ಕು ಅಡಿ. ಬಾಗಿಲು ತೆರೆದಾಗ 900 ಮಿಲಿಮೀಟರ್ ದಾರಿ ಸಿಗಬೇಕು.

ಲೆಕ್ಕ ಹಾಕಿ ನೋಡಿ. ಆರು ಇಂಚಿನ ಮೂರು ಮೆಟ್ಟಿಲು ಅಂದರೆ ಒಂದೂವರೆ ಅಡಿ. ಅದಕ್ಕೆ 18 ಅಡಿ ರ‍್ಯಾಂಪ್ ಬೇಕು. ನಮ್ಮಲ್ಲಿ ನೀವು ನೋಡುವ ರ‍್ಯಾಂಪ್ ಎಷ್ಟಿರುತ್ತದೆ? ನಾಲ್ಕಡಿ ಇದ್ದರೆ ಹೆಚ್ಚು. ನಿಜ ಹೇಳಬೇಕೆಂದರೆ ಅದು ವೀಲ್‌ಚೇರ್‌ಗೆ ಮಾಡಿದ್ದಲ್ಲ. ಲಾರಿಯಿಂದ ಇಳಿಸಿದ ಮೂಟೆ ಒಳಗೆ ಎಳೆಯಲು, ರಾತ್ರಿ ಮಾಲೀಕರ ಸ್ಕೂಟಿ ಒಳಗೆ ನಿಲ್ಲಿಸಲು ಮಾಡಿದ್ದು. ಮೇಲೆ ಹೊಳೆಯುವ ಗ್ರಾನೈಟ್ ಹಾಕಿರುತ್ತಾರೆ. ಮಳೆ ಬಿದ್ದ ದಿನ ಅದರ ಮೇಲೆ ಗಟ್ಟಿ ಕಾಲಿನವರೇ ಜಾರುತ್ತಾರೆ. ಅದರ ಬುಡದಲ್ಲಿ ಸರಿಯಾಗಿ ಮೂರು ಬೈಕ್ ನಿಂತಿರುತ್ತವೆ.

ಕಡಿದಾದ ರ‍್ಯಾಂಪ್‌ನಲ್ಲಿ ವೀಲ್‌ಚೇರ್ ಇಳಿಸಲೇಬೇಕಾದರೆ ಹಿಂದುಮುಂದಾಗಿ ಇಳಿಸಿ. ತಳ್ಳುವವರು ಕೆಳಗಿನ ಕಡೆ ಇರಬೇಕು, ಕೂತವರ ಮುಖ ಅಂಗಡಿ ಕಡೆಗೆ. ಮುಖ ಮುಂದೆ ಮಾಡಿ ಇಳಿಸಿದರೆ ಕೂತವರು ಮುಗ್ಗರಿಸಿ ಬೀಳುತ್ತಾರೆ.

ನಮ್ಮದೇ ವೀಲ್‌ಚೇರ್, ವಾಕರ್, ಚೀಲ ಒಳಗೆ ಒಯ್ಯೋಕೆ ಬಿಡಬೇಕಾ?

ವೀಲ್‌ಚೇರ್, ವಾಕರ್, ಕೋಲು, ಇವು ಸಾಮಾನು ಅಲ್ಲ, ಆ ಮನುಷ್ಯನ ಕಾಲು. ಟೋಕನ್ ಕೌಂಟರ್‌ನಲ್ಲಿ ಇಡಿ ಅನ್ನುವಂತಿಲ್ಲ. ಔಷಧಿ, ಮೂತ್ರದ ಚೀಲ, ಡೈಪರ್, ನೀರಿನ ಬಾಟಲಿ ಇರುವ ಬ್ಯಾಗ್ ಬಗ್ಗೆ ತಕರಾರು ಬಂದರೆ "ಬೇಕಾದರೆ ತೆಗೆದು ನೋಡಿ, ಆದರೆ ಜೊತೆಯಲ್ಲೇ ಇರುತ್ತದೆ" ಅಂತ ಹೇಳಿ. ಹೊರಗೆ ಬರುವಾಗ ಬಿಲ್ ಜೊತೆ ಬ್ಯಾಗ್ ತೋರಿಸಿ. ಅಷ್ಟು ಸಹಕಾರ ನಾವೂ ಕೊಡಬೇಕು ಅಲ್ವಾ?

ಕೆಲವು ದೊಡ್ಡ ಅಂಗಡಿಗಳಲ್ಲಿ ಅವರದೇ ವೀಲ್‌ಚೇರ್ ಇರುತ್ತದೆ. ಆದರೆ ಅದು ಗೋಡೌನ್ ಮೂಲೆಯಲ್ಲಿ, ಮೇಲೆ ರಟ್ಟಿನ ಡಬ್ಬಿ ಹೇರಿಕೊಂಡು, ಟೈರಲ್ಲಿ ಗಾಳಿ ಇಲ್ಲದೆ ಇರುವುದೇ ಜಾಸ್ತಿ. ಹೊರಡುವ ಮೊದಲು ಫೋನ್ ಮಾಡಿ "ವೀಲ್‌ಚೇರ್ ಇದೆಯಾ, ಗಾಳಿ ಇದೆಯಾ" ಅಂತ ಎರಡನ್ನೂ ಕೇಳಿ.

ಒಳಗೆ ದಾರಿ ಇಕ್ಕಟ್ಟು. ವೀಲ್‌ಚೇರ್ ಸಿಕ್ಕಿಹಾಕಿಕೊಳ್ಳುತ್ತೆ.

ರ‍್ಯಾಕ್‌ಗಳ ನಡುವೆ ಜಾಗ ಇರುತ್ತದೆ. ಅದನ್ನು ತಿನ್ನುವುದು ಆಫರ್ ಡಬ್ಬಿಗಳು. ಯುಗಾದಿ, ದಸರಾ, ದೀಪಾವಳಿ ಬಂತೆಂದರೆ ದಾರಿ ಮಧ್ಯದಲ್ಲೇ ಎಣ್ಣೆ ಡಬ್ಬಿಗಳ ಗೋಪುರ ಎದ್ದಿರುತ್ತದೆ. ಹುಡುಗರಿಗೆ ಹೇಳಿದರೆ ಎರಡು ನಿಮಿಷದಲ್ಲಿ ಸರಿಸುತ್ತಾರೆ. ಸಂಕೋಚ ಪಡಬೇಡಿ. ಇಲ್ಲವೇ ದಾರಿ ತುದಿಯಲ್ಲೇ ಕೂತು ಪಟ್ಟಿ ಕೊಟ್ಟು ತರಿಸಿಕೊಳ್ಳಿ.

ಹೊತ್ತು ನೋಡಿ ಹೋಗುವುದು ಇನ್ನೂ ಒಳ್ಳೆಯದು. ತಿಂಗಳ ಮೊದಲ ವಾರದ ಸಂಜೆ, ಭಾನುವಾರ, ಹಬ್ಬದ ಹಿಂದಿನ ದಿನ ಬೇಡವೇ ಬೇಡ. ವಾರದ ಮಧ್ಯೆ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೋದರೆ ನೆಲ ಒಣಗಿರುತ್ತದೆಯಾ ಅಂತ ಮಾತ್ರ ನೋಡಿಕೊಳ್ಳಿ, ಆ ಹೊತ್ತಿಗೇ ಒರೆಸುತ್ತಿರುತ್ತಾರೆ. ಬೇಸಿಗೆಯಲ್ಲಿ ಕೆಲವರು ಎಸಿ ಇದೆ ಅಂತ ಮಧ್ಯಾಹ್ನ ಕರೆದುಕೊಂಡು ಹೋಗುತ್ತಾರೆ. ಒಳಗೆ ತಂಪು ಸರಿ, ಆದರೆ ಬಳ್ಳಾರಿಯ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊರಗೆ ಆಟೊ ಕಾಯುತ್ತ ನಿಂತ ಹತ್ತು ನಿಮಿಷವೇ ವಯಸ್ಸಾದವರನ್ನು ಸುಸ್ತು ಮಾಡಿಬಿಡುತ್ತದೆ. ವೀಲ್‌ಚೇರ್‌ನ ಕಬ್ಬಿಣದ ರಿಮ್ ಮುಟ್ಟಿ ನೋಡಿ, ಗೊತ್ತಾಗುತ್ತದೆ.

ಬಟ್ಟೆ, ಪಾತ್ರೆ ಎಲ್ಲ ಮೇಲಿನ ಮಹಡಿಯಲ್ಲಿ. ಲಿಫ್ಟ್ ಇಲ್ಲ.

ಕೆಳಗೇ ತರಿಸಿಕೊಳ್ಳಿ. ಸೀರೆ ಅಂಗಡಿಯವರು ಒಬ್ಬ ಗಿರಾಕಿಗೆ ನೂರು ಸೀರೆ ಬಿಚ್ಚಿ ತೋರಿಸುವವರು, ಹತ್ತು ಸೀರೆ ಕೆಳಗೆ ತರಲು ಅವರಿಗೆ ಕಷ್ಟವಿಲ್ಲ. ಮಾರ್ಟ್‌ಗಳಲ್ಲಿ ಸ್ವಲ್ಪ ಒತ್ತಾಯ ಮಾಡಬೇಕಾಗುತ್ತದೆ. ಲಿಫ್ಟ್ ಇದೆ ಆದರೆ ಸರಕಿನದು ಅಂದರೆ ಹತ್ತಬೇಡಿ. ಎಸ್ಕಲೇಟರ್ ಮೇಲೆ ವಾಕರ್, ವೀಲ್‌ಚೇರ್, ಟ್ರಾಲಿ ಯಾವುದೂ ಬೇಡ.

ಕಣ್ಣು ಕಾಣದವರು ಒಬ್ಬರೇ ಹೋಗಬಹುದಾ?

ಖಂಡಿತ. ಒಳಗೆ ಹೋದ ಕೂಡಲೇ ಹೆಲ್ಪ್ ಡೆಸ್ಕ್‌ನಲ್ಲೋ ಮೊದಲ ಕೌಂಟರ್‌ನಲ್ಲೋ ಒಬ್ಬ ಹುಡುಗ ಅಥವಾ ಹುಡುಗಿಯನ್ನು ಜೊತೆಗೆ ಕೇಳಿ. ಅವರು ನಿಮ್ಮ ತೋಳು ಹಿಡಿದು ಎಳೆಯುವುದು ಬೇಡ, ನೀವು ಅವರ ಮೊಣಕೈ ಹಿಡಿಯಿರಿ. ಟ್ರಾಲಿ ಇದ್ದರೆ ಅವರು ಮುಂದಿನಿಂದ ಎಳೆಯಲಿ, ನೀವು ಹ್ಯಾಂಡಲ್ ಹಿಡಿದುಕೊಳ್ಳಿ. ಬೆಲೆ, ಮುಗಿಯುವ ದಿನಾಂಕ ಎರಡನ್ನೂ ಓದಿಸಿ. ಕೊನೆಗೆ ಬಿಲ್ ಪೂರ್ತಿ ಗಟ್ಟಿಯಾಗಿ ಓದಿಸಿ, ಹಿಂದೆ ನಿಂತವರು ಗೊಣಗಿದರೂ ಪರವಾಗಿಲ್ಲ.

ನೋಟು ಗುರುತಿಸಲು ಅಂಚಿನ ಉಬ್ಬು ಗೆರೆ ಮುಟ್ಟಿ ನೋಡಬಹುದು. ಹೊಸ ಸರಣಿಯ 100ರ ನೋಟಿಗೆ ನಾಲ್ಕು ಗೆರೆ, ಜೊತೆಗೆ ಉಬ್ಬಿದ ತ್ರಿಕೋನ. 200ಕ್ಕೆ ನಾಲ್ಕು ಗೆರೆ, ನಡುವೆ ಎರಡು ಸಣ್ಣ ವೃತ್ತ. 500ಕ್ಕೆ ಐದು ಗೆರೆ, ಉಬ್ಬಿದ ವೃತ್ತ. ಸಂತೆ, ಬಸ್ಸು, ಪೆಟ್ರೋಲ್ ಬಂಕ್ ಸುತ್ತಿ ಬಂದ ನೋಟಿನಲ್ಲಿ ಇದೆಲ್ಲ ಸವೆದುಹೋಗಿರುತ್ತದೆ ಅನ್ನುವುದು ಬೇರೆ ಮಾತು. ಆಗ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಬಿಟ್ಟ ಮಣಿ ಆ್ಯಪ್ ಇದೆ, ಉಚಿತ. ನೋಟಿನ ಮುಂದೆ ಫೋನ್ ಕ್ಯಾಮೆರಾ ಹಿಡಿದರೆ ಎಷ್ಟರ ನೋಟು ಅಂತ ಹೇಳುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಅದು ನೋಟಿನ ಬೆಲೆ ಹೇಳುತ್ತದೆ, ಅಸಲಿಯೋ ನಕಲಿಯೋ ಅಂತ ಹೇಳುವುದಿಲ್ಲ. ನಾಣ್ಯಗಳಲ್ಲಿ 20 ರೂಪಾಯಿಯದು ಸುಲಭ, ಅದಕ್ಕೆ ಹನ್ನೆರಡು ಮೂಲೆ.

ಕಾರ್ಡ್ ಕೊಟ್ಟರೆ ಪಿನ್ ಮಾತ್ರ ಕ್ಯಾಷಿಯರ್ ಕಿವಿಗೆ ಹೇಳಬೇಡಿ. ಈಗ ಬರುವ ಕೆಲವು ಮಿಷನ್‌ಗಳಿಗೆ ಗುಂಡಿಯೇ ಇಲ್ಲ, ಬರೀ ಗಾಜು. ಕಾಣದವರು ಅದರಲ್ಲಿ ಪಿನ್ ಒತ್ತುವುದು ಹೇಗೆ ಅಂತ ಅದನ್ನು ಮಾಡಿದವರನ್ನೇ ಕೇಳಬೇಕು. ಗುಂಡಿ ಇರುವ ಮಿಷನ್ ಕೇಳಿ, ಅದರ 5ರ ಮೇಲೆ ಒಂದು ಉಬ್ಬು ಚುಕ್ಕೆ ಇರುತ್ತದೆ. ಇಲ್ಲವೇ ನಿಮ್ಮ ಫೋನಿನಿಂದಲೇ ಯುಪಿಐ ಮಾಡಿ.

ಕಿವಿ ಕೇಳದವರಿಗೆ?

ಬೇಕಾದ್ದನ್ನು ಫೋನಿನಲ್ಲಿ ಟೈಪ್ ಮಾಡಿ ತೋರಿಸಿ. ಒಟ್ಟು ಎಷ್ಟಾಯಿತು ಅಂತ ಗಿರಾಕಿಗೆ ಕಾಣುವ ಸ್ಕ್ರೀನ್ ನಿಮ್ಮ ಕಡೆ ತಿರುಗಿಸಲು ಹೇಳಿ. ನಮ್ಮೂರಲ್ಲಿ ಕೌಂಟರ್‌ನವರು ಒಬ್ಬರ ಹತ್ತಿರ ಕನ್ನಡ, ಇನ್ನೊಬ್ಬರ ಹತ್ತಿರ ತೆಲುಗು, ಮತ್ತೊಬ್ಬರ ಹತ್ತಿರ ಉರ್ದು ಮಾತಾಡುತ್ತಾರೆ. ಕೈಸನ್ನೆ ಅವರಿಗೇನೂ ಕಷ್ಟವಲ್ಲ.

ಬಿಲ್ಲಿಂಗ್‌ನಲ್ಲಿ ಹಿರಿಯರಿಗೆ ಬೇರೆ ಸಾಲು ಇರಲೇಬೇಕಾ?

ಖಾಸಗಿ ಅಂಗಡಿಯಲ್ಲಿ 60 ದಾಟಿದವರಿಗೆ ಬೇರೆ ಸಾಲು ಸಿಗುವುದು ಅವರ ಒಳ್ಳೆಯತನದಿಂದ. "ಹಿರಿಯರಿಗೆ ಮೊದಲ ಆದ್ಯತೆ" ಬೋರ್ಡ್ ಇದ್ದರೆ ಬಳಸಿಕೊಳ್ಳಿ. ಇಲ್ಲದಿದ್ದರೆ ಕುರ್ಚಿ ಕೇಳಿ. ಅಜ್ಜಿ ಕೂತಿರಲಿ, ಟ್ರಾಲಿ ಸಾಲಿನಲ್ಲಿ ನಿಂತಿರಲಿ. ನಮ್ಮ ಜನ ಈ ವಿಷಯದಲ್ಲಿ ಒಳ್ಳೆಯವರು, "ಅವ್ವಾ, ನೀವು ಮುಂದೆ ಬರ್ರಿ" ಅಂತ ಯಾರಾದರೂ ಕರೆದೇ ಕರೆಯುತ್ತಾರೆ. ಕ್ಯಾಷಿಯರ್ ಕರೆಯುವುದು ಅಪರೂಪ.

ಅಮ್ಮನ ಹತ್ತಿರ ಫೋನ್ ಇಲ್ಲ. ನಂಬರ್ ಕೊಡದಿದ್ದರೆ ಬಿಲ್ ಆಗಲ್ಲ ಅಂದರು.

ಆಗುತ್ತದೆ. ಮೊಬೈಲ್ ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಹೇಳಿದೆ. "ನಂಬರ್ ಇಲ್ಲ, ಹಾಗೇ ಮಾಡಿ" ಅನ್ನಿ, ಸಾಕು.

ತಂದ ವಸ್ತು ಕೆಟ್ಟಿತ್ತು. ಬದಲಾಯಿಸೋಕೆ ಅಜ್ಜನೇ ಬರಬೇಕು ಅಂತಾರೆ.

ಬಿಲ್ ತೆಗೆದುಕೊಂಡು ಮನೆಯವರು ಯಾರಾದರೂ ಹೋಗಿ. ಬಿಲ್ ಇದ್ದ ಮೇಲೆ ಅಜ್ಜನ ಮುಖ ನೋಡಿ ಅವರಿಗೇನಾಗಬೇಕು? "ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ" ಅಂತ ಬಿಲ್ ಮೇಲೆ ಅಚ್ಚು ಹಾಕಿದ್ದರೆ ಹೆದರಬೇಡಿ. ದೋಷ ಇರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದೆ ಇರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅನುಚಿತ ವ್ಯಾಪಾರ. ಆದರೆ ಬಣ್ಣ ಇಷ್ಟ ಆಗಲಿಲ್ಲ, ಸೊಸೆ ಬೇಡ ಅಂದಳು ಅನ್ನುವುದಕ್ಕೆ ಇದು ಬರುವುದಿಲ್ಲ. ಅದು ಅಂಗಡಿಯವರ ಮರ್ಜಿ.

ನಮ್ಮದು ಪಕ್ಕದಲ್ಲಿ ಗಾಲಿ ಇರುವ ಸ್ಕೂಟರ್. ಪಾರ್ಕಿಂಗ್‌ನಲ್ಲಿ ಜಾಗವೇ ಸಿಗಲ್ಲ.

ಇದು ನಮ್ಮ ಕಡೆ ದೊಡ್ಡ ತೊಂದರೆ, ಯಾರೂ ಮಾತಾಡುವುದಿಲ್ಲ. ಕಾರಿನವರಿಗಾದರೆ ಮಾರ್ಗಸೂಚಿಯಲ್ಲಿ 3.6 ಮೀಟರ್ ಅಗಲದ ಜಾಗ ಅಂತ ಲೆಕ್ಕ ಇದೆ, ಪಕ್ಕದಲ್ಲಿ ವೀಲ್‌ಚೇರ್ ಇಳಿಸಲಿ ಅಂತ. ಆದರೆ ಬಳ್ಳಾರಿ, ಕೊಪ್ಪಳದಲ್ಲಿ ಕಾರಿನಲ್ಲಿ ಬರುವ ವಿಕಲಚೇತನರು ಎಷ್ಟು ಜನ? ಬರುವುದೆಲ್ಲ ಹೆಚ್ಚುವರಿ ಗಾಲಿ ಜೋಡಿಸಿದ ಸ್ಕೂಟರ್‌ನಲ್ಲಿ. ಅದು ಬೈಕ್ ಸಾಲಿನಲ್ಲಿ ತೂರುವುದಿಲ್ಲ, ಕಾರಿನ ಜಾಗದಲ್ಲಿ ನಿಲ್ಲಿಸಿದರೆ ಎಬ್ಬಿಸುತ್ತಾರೆ. ಸೈಡ್ ಸ್ಟ್ಯಾಂಡ್ ಹಾಕಿ ವಾಲಿಸುವಂತಿಲ್ಲ, ಇಳಿಯಲು ಒಂದು ಪಕ್ಕ ಖಾಲಿ ಬೇಕು. ನೀವು ಒಳಗೆ ಹೋಗಿ ಬರುವಷ್ಟರಲ್ಲಿ ಆ ಖಾಲಿ ಜಾಗಕ್ಕೆ ಯಾರೋ ಬುಲೆಟ್ ತಂದು ನಿಲ್ಲಿಸಿರುತ್ತಾರೆ, ಹ್ಯಾಂಡಲ್ ಲಾಕ್ ಬೇರೆ.

ಬಾಗಿಲ ಪಕ್ಕ ಒಂದು ಚೌಕ, ಹಳದಿ ಬಣ್ಣ ಬಳಿದು, ಅದಕ್ಕೊಂದು ಸರಪಳಿ. ಇಷ್ಟನ್ನೇ ಮ್ಯಾನೇಜರ್ ಹತ್ತಿರ ಲಿಖಿತವಾಗಿ ಕೇಳಿ. ಅಲ್ಲಿಯ ತನಕ ಹೊರಡುವಾಗ ಫೋನ್ ಮಾಡಿ ವಾಚ್‌ಮನ್‌ಗೆ ಹೇಳಿಸಿ.

ವಿಶೇಷ ಮಗು, ಎಂಟು ವರ್ಷ. ಟ್ರಾಲಿಯಲ್ಲಿ ಕೂರಿಸಬಹುದಾ?

ಟ್ರಾಲಿಯ ಪುಟ್ಟ ಸೀಟು ಪುಟ್ಟ ಮಕ್ಕಳಿಗೆ. ಎಷ್ಟು ತೂಕ ತಡೆಯುತ್ತದೆ ಅಂತ ಅದರ ಮೇಲೇ ಸಾಮಾನ್ಯವಾಗಿ ಬರೆದಿರುತ್ತದೆ. ದೊಡ್ಡ ಮಗುವನ್ನು ಕೂರಿಸಿದರೆ ಟ್ರಾಲಿ ಮಗುಚುತ್ತದೆ. ಬುಟ್ಟಿಯೊಳಗೆ ಕೂರಿಸುವುದೂ ಅಪಾಯ. ಅಮೆರಿಕದಲ್ಲಿ ಇಂಥ ಮಕ್ಕಳಿಗಾಗಿ ದೊಡ್ಡ ಸೀಟು, ಬೆಲ್ಟ್ ಇರುವ ಟ್ರಾಲಿಯನ್ನು ಒಬ್ಬ ತಾಯಿಯೇ ತನ್ನ ಮಗಳಿಗೋಸ್ಕರ ರೂಪಿಸಿದರು, ಮಗಳ ಹೆಸರಲ್ಲೇ ಅದು ಕ್ಯಾರೊಲೈನ್ಸ್ ಕಾರ್ಟ್. ನಮ್ಮಲ್ಲಿ ಸದ್ಯಕ್ಕೆ ಮಗುವಿನ ಸ್ವಂತ ಗಾಡಿ ಒಳಗೆ ಒಯ್ಯುವುದೇ ದಾರಿ.

ಮನೆಗೇ ತಂದುಕೊಡಲ್ವಾ?

ಕಿರಾಣಿ ಅಂಗಡಿಯವರು ತರುತ್ತಾರೆ, ವಾಟ್ಸಾಪ್‌ನಲ್ಲಿ ಚೀಟಿ ಫೋಟೊ ಕಳಿಸಿದರೆ ಸಾಕು. ಮಾರ್ಟ್‌ಗಳು ಇಂತಿಷ್ಟು ರೂಪಾಯಿ ದಾಟಬೇಕು ಅನ್ನುತ್ತವೆ. ಅಕ್ಕಿ ಮಾತ್ರ ಯಾವತ್ತೂ ಮನೆಗೇ ತರಿಸಿ. 2022ರಲ್ಲಿ 25 ಕೆಜಿ ತನಕದ ಪ್ಯಾಕಿಂಗ್ ಅಕ್ಕಿಗೆ ಜಿಎಸ್‌ಟಿ ಬಿದ್ದ ಮೇಲೆ ಮಿಲ್‌ನವರು 26 ಕೆಜಿ ಚೀಲ ಮಾಡಿದರು. ತೆರಿಗೆ ಉಳಿಯಿತು, ಎತ್ತುವವರ ಸೊಂಟಕ್ಕೆ ಒಂದು ಕೆಜಿ ಜಾಸ್ತಿ ಆಯಿತು. ತರುವ ಹುಡುಗನಿಗೆ ಬಾಗಿಲಲ್ಲಿ ಇಳಿಸಿ ಹೋಗಬೇಡಪ್ಪಾ, ಅಡುಗೆಮನೆ ಡಬ್ಬಿಗೇ ಸುರಿದು ಹೋಗು ಅಂತ ಹೇಳಿ.

ಎಲ್ಲರ ಮುಂದೆ ಅವಮಾನ ಮಾಡಿದರೆ?

ವಿಕಲಚೇತನರನ್ನು ಸಾರ್ವಜನಿಕ ಜಾಗದಲ್ಲಿ ಬೇಕೆಂದೇ ಅವಮಾನಿಸುವುದು, ಹೆದರಿಸುವುದು 2016ರ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳಿಂದ ಐದು ವರ್ಷ ಜೈಲು, ಜೊತೆಗೆ ದಂಡ. ಪೊಲೀಸ್ ಠಾಣೆಗೆ ದೂರು ಕೊಡಬಹುದು. ಆದರೆ ತಡವಾಯಿತು, ಮುಖ ಸಿಂಡರಿಸಿದರು ಅನ್ನುವುದಕ್ಕೆಲ್ಲ ಇದನ್ನು ಎತ್ತಬೇಡಿ. ನಿಜವಾಗಿ ಬೇಕಾದಾಗ ಅದಕ್ಕೆ ತೂಕ ಇರಲಿ.

ದೂರು ಎಲ್ಲಿ ಕೊಡಬೇಕು?

ಮೊದಲು ಅಂಗಡಿಗೇ, ಬರಹದಲ್ಲಿ. ಬಾಯಿಮಾತಿನ ದೂರು ಬಾಗಿಲಲ್ಲೇ ಉಳಿಯುತ್ತದೆ. ಮೆಟ್ಟಿಲ ಫೋಟೊ, ದಿನಾಂಕ, ಬಿಲ್ ಇಟ್ಟುಕೊಳ್ಳಿ. ದೊಡ್ಡ ಕಂಪನಿಯ ಮಾರ್ಟ್ ಆದರೆ ಬಿಲ್ ಮೇಲಿರುವ ಕಸ್ಟಮರ್ ಕೇರ್ ಇಮೇಲ್‌ಗೆ ಕಳಿಸಿ, ಊರಿನ ಮ್ಯಾನೇಜರ್‌ಗಿಂತ ಅದಕ್ಕೆ ಬೇಗ ಉತ್ತರ ಬರುತ್ತದೆ.

ವಸ್ತು, ಬಿಲ್, ಹಣದ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂಪಾಯಿ ಒಳಗಿನ ದೂರಿಗೆ ಶುಲ್ಕ ಇಲ್ಲ, ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು. ರ‍್ಯಾಂಪ್, ಬಾಗಿಲು, ಪ್ರವೇಶದ ವಿಷಯಕ್ಕೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರೆಯಿರಿ. ಅರ್ಜಿ ಬರೆಯಲು ನಿಮ್ಮ ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ಸಹಾಯ ಕೇಳಬಹುದು. ಹಿರಿಯರಿಗೆ ಯಾವುದೇ ಸಲಹೆ ಬೇಕಾದರೆ 14567, ಉಚಿತ. ಫುಟ್‌ಪಾತ್, ಚರಂಡಿ ಬಂಡೆ ಒಡೆದಿದ್ದರೆ ಅದು ಅಂಗಡಿಯವರದಲ್ಲ, ಬಳ್ಳಾರಿಯಲ್ಲಿ ಮಹಾನಗರ ಪಾಲಿಕೆ, ಕೊಪ್ಪಳದಲ್ಲಿ ನಗರಸಭೆ.

ನಾನೇ ಅಂಗಡಿ ಮಾಲೀಕ. 18 ಅಡಿ ರ‍್ಯಾಂಪ್‌ಗೆ ಜಾಗ ಇಲ್ಲ. ಏನು ಮಾಡಲಿ?

ಕೇಳಿದ್ದಕ್ಕೇ ಖುಷಿ. ರ‍್ಯಾಂಪ್ ನೇರವಾಗಿ ರಸ್ತೆ ಕಡೆಗೇ ಇಳಿಯಬೇಕಿಲ್ಲ. ಗೋಡೆಗೆ ಒರಗಿಸಿ ಉದ್ದಕ್ಕೆ ತೆಗೆದುಕೊಂಡು ಹೋಗಿ, ಮಧ್ಯೆ ತಿರುವು ಕೊಟ್ಟರೆ ಅಲ್ಲಿ ವೀಲ್‌ಚೇರ್ ತಿರುಗುವಷ್ಟು ಸಮತಟ್ಟು ಜಾಗ ಬಿಡಿ. ಚರಂಡಿ ಮೇಲೆ ಕಾಂಕ್ರೀಟ್ ಸುರಿಯಬೇಡಿ, ಪಾಲಿಕೆಯವರು ಹೂಳೆತ್ತಲು ಬಂದಾಗ ಮೊದಲು ಒಡೆಯುವುದು ಅದನ್ನೇ. ಅದೂ ಆಗದಿದ್ದರೆ ಕಬ್ಬಿಣದ ಶೀಟಿನ ಎತ್ತಿಡುವ ರ‍್ಯಾಂಪ್ ವೆಲ್ಡಿಂಗ್ ಶಾಪ್‌ನಲ್ಲಿ ಮಾಡಿಸಿ. ಚೆಕರ್ ಪ್ಲೇಟ್ ಬಳಸಲು ಹೇಳಿ, ಜಾರುವುದಿಲ್ಲ. ಎರಡೂ ಅಂಚಿಗೆ ಎರಡು ಇಂಚು ಪಟ್ಟಿ ಎತ್ತಿಸಿ, ಇಲ್ಲದಿದ್ದರೆ ಗಾಲಿ ಪಕ್ಕಕ್ಕೆ ಇಳಿಯುತ್ತದೆ. ಇದು ಅಳತೆಗಿಂತ ಕಡಿದಾಗೇ ಇರುತ್ತದೆ, ಹಾಗಾಗಿ ಹಿಡಿಯಲು ಒಬ್ಬ ಆಳು ಬರಲೇಬೇಕು.

ಆ ಆಳನ್ನು ಕರೆಯಲು ಒಂದು ಕಾಲಿಂಗ್ ಬೆಲ್ ಬೇಕು. ಮೆಟ್ಟಿಲ ಕೆಳಗೆ, ಕೂತವರ ಕೈಗೆ ಎಟುಕುವಂತೆ, ಮೂರಡಿ ಎತ್ತರದಲ್ಲಿ. ಬೆಲ್ ಮೇಲಿನ ಮೆಟ್ಟಿಲ ಪಕ್ಕ, ಬಾಗಿಲ ಚೌಕಟ್ಟಿಗೆ ಹಾಕಿದ ಅಂಗಡಿಯನ್ನೂ ನಾನು ನೋಡಿದ್ದೇನೆ.

ಒಳಗೆ ಎರಡು ಕೈ ಇರುವ ಕುರ್ಚಿ ಎರಡು ಸಾಕು. ಪ್ಲಾಸ್ಟಿಕ್ ಸ್ಟೂಲ್ ಬೇಡ, ಏಳುವಾಗ ಮಂಡಿ ಮೇಲೆ ಭಾರ ಬೀಳುತ್ತದೆ, ಕೈ ಊರಲು ಏನಾದರೂ ಬೇಕು. ಒಂದು ಬಿಲ್ಲಿಂಗ್ ದಾರಿಯನ್ನಾದರೂ ಮೂರಡಿ ಅಗಲ ಇಡಿ, ಆ ದಾರಿಯಲ್ಲಿ ಚಾಕಲೇಟ್ ಸ್ಟ್ಯಾಂಡ್ ನಿಲ್ಲಿಸಬೇಡಿ. ಟ್ರಾಲಿ ಗಾಲಿಗಳ ಕೂದಲು, ದಾರ ಆಗಾಗ ಕತ್ತರಿಸಲು ಒಬ್ಬರಿಗೆ ಹೊಣೆ ಕೊಡಿ. ಬಾಗಿಲ ಕಂಬಗಳಲ್ಲಿ ಒಂದನ್ನು ಕಳಚಿ ಹಾಕುವಂತೆ ಮಾಡಿಸಿ. ಬೀಗದ ಕೈ ಮಾತ್ರ ವಾಚ್‌ಮನ್ ಹತ್ತಿರ ಇರಲಿ, ಮನೆಗೆ ಊಟಕ್ಕೆ ಹೋದ ಮ್ಯಾನೇಜರ್ ಜೇಬಿನಲ್ಲಿ ಬೇಡ.